ಎಂಟು ತಿಂಗಳು ಓಡ್ಸಿ, ಮುರ್ಕೊಂಡು, ಮತ್ತ ಜೋಡ್ಸಿದ ಮ್ಯಾಲ ನನ್ ಆರ್‌ಸಿ (ರಿಮೋಟ್ ಕಂಟ್ರೋಲ್) ಬಗ್ಗಿ ಗಾಡಿ ರಿವ್ಯೂ

ತಗೊಂಡ ವಾರದಾಗೇ ರಿವ್ಯೂ ಬರೀಬಾರ್ದು ಅಂತ ತಡದಿದ್ದೆ, ಈಗ ಎಂಟು ತಿಂಗಳಾತು, ಬರೀತೀನಿ. ಗಾಡಿ 1/14 ಸ್ಕೇಲಿನ (ಖರೇ ಗಾಡಿಯ ಹದಿನಾಲ್ಕನೇ ಒಂದು ಪಾಲು ಅಳತಿ) ಎಲೆಕ್ಟ್ರಿಕ್ ಬಗ್ಗಿ, ಫೋರ್ ವೀಲ್ ಡ್ರೈವ್, 550 ಸೈಜಿನ ಬ್ರಶ್ಡ್ ಮೋಟರ್, 2ಎಸ್ ಅಂದ್ರ ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 7.4 ವೋಲ್ಟ್, ಉದ್ದ ಹೆಚ್ಚುಕಡಿಮಿ ಒಂದ್ ಫೂಟು. ಓಡ್ಸೋದು ಕಲಬುರಗಿ ರಿಂಗ್ ರೋಡ್ ದಾಟಿ ಒಂದು ಖಾಲಿ ಲೇಔಟಿನ್ಯಾಗ, ರವಿವಾರ ಮುಂಜಾನಿ ಬಿಸಿಲು ಏರೋದ್ರೊಳಗ, ಐದು ಮಂದಿ ಸೇರಿ ಐದೈದು ನಿಮಿಷದ ರೇಸ್ ಇಡ್ತೀವಿ. ಟ್ರ್ಯಾಕಿಗೆ ಗುರ್ತು ಅಂತ ಶಹಾಬಾದ ಫರ್ಸಿ (ನೆಲಕ್ಕ ಹಾಸೋ ಕಲ್ಲು) ತುಂಡು ಇಟ್ಟಿದ್ವಿ, ನಮ್ ಕಡಿ ಅದು ಎಲ್ಲಿ ನೋಡಿದ್ರೂ ಬಿದ್ದಿರ್ತದಲ್ಲ, ಆದ್ರ ಅದೇ ದೊಡ್ಡ ತಪ್ಪಾತು.

ಓಡೋದ್ರಾಗ ಗಾಡಿಗೆ ಒಂದ್ ಮಾತಿಲ್ಲ. ಸಡ್ಲ ಮಣ್ಣಿನ್ಯಾಗೂ ನಾಲ್ಕೂ ಗಾಲಿ ಹಿಡ್ಕೊಂಡು ಎಳೀತದ, ತಿರುವಿನ್ಯಾಗ ಸ್ವಲ್ಪ ಥ್ರಾಟಲ್ ಬಿಟ್ರ ಮೂತಿ ಒಳಗ ಬರ್ತದ, ಮತ್ತ ಒತ್ತಿದ್ರ ನೆಟ್ಟಗಾಗಿ ಹಾರ್ತದ. ಮೊದ್ಲೆರಡು ವಾರ ನಾ ರಾತ್ರಿ ನಿದ್ದಿಗಣ್ಣಾಗೂ ಅದೇ ತಿರುವು ಹೊಡೀತಿದ್ದೆ.

ಮೂರನೇ ವಾರ ಜಂಪ್ ಹೊಡದು ಇಳಿಯೋವಾಗ ಮುಂದಿನ ಬಲಗಾಲಿ ಫರ್ಸಿ ಅಂಚಿಗೆ ಬಡೀತು. ಹೊರಗಿಂದ ಏನೂ ಆಗಿಲ್ಲ ಅಂತ ಇನ್ನೊಂದ್ ರೌಂಡ್ ಓಡಿಸ್ದೆ, ಗಾಡಿ ಬಲಕ್ಕ ಎಳೀಲಿಕ್ಕೆ ಹತ್ತಿತು. ಎತ್ತಿ ನೋಡಿದ್ರ ಗಾಲಿನ್ನ ಗಾಡಿಗೆ ಜೋಡ್ಸೋ ಕೆಳಗಿನ ಆರ್ಮಿನ್ಯಾಗ, ಹಿಂಜ್ ಪಿನ್ (ಆರ್ಮ್ ಮ್ಯಾಲ-ಕೆಳಗ ಆಡ್ಲಿಕ್ಕೆ ಹಾಕಿದ ಕಡ್ಡಿ) ಹೋಗೋ ತೂತಿನ ಪಕ್ಕ, ಕಪ್ಪು ಪ್ಲಾಸ್ಟಿಕ್ಕಿನ ಮ್ಯಾಲ ಉಗುರಿನಿಂದ ಗೀರಿದಂಗ ಒಂದು ಬಿಳಿ ಗೆರಿ. ಹೆಬ್ಬೆರಳಿನಿಂದ ಸ್ವಲ್ಪ ಬಗ್ಗಿಸಿದ್ರ ಗೆರಿ ಬಾಯಿ ಬಿಡ್ತದ. ಈಗ ಪ್ರತಿ ರೇಸ್ ಆದ ಮ್ಯಾಲ ಮೊದ್ಲು ನೋಡೋದು ಅದೇ ಜಾಗ, ಬಿಳಿ ಕಂಡ್ರ ಆ ಆರ್ಮ್ ಮುಗೀತು ಅಂತ ತಿಳ್ಕೋರಿ, ಫೆವಿಕ್ವಿಕ್ ಹಚ್ಚಿ ಟೈಮ್ ಹಾಳು ಮಾಡ್ಬ್ಯಾಡ್ರಿ, ಮೊದ್ಲನೇ ಜಂಪಿಗೇ ಬಿಡ್ತದ.

ಇಲ್ಲಿಂದ ನಾ ಮಾಡಿದ ತಪ್ಪು ಓದ್ರಿ, ಯಾಕಂದ್ರ ಎಲ್ಲಾರೂ ಇದನ್ನೇ ಮಾಡ್ತಾರ. ಪ್ಲಾಸ್ಟಿಕ್ ಮುರೀತಲ್ಲ ಅಂತ 900 ರೂಪಾಯಿ ಕೊಟ್ಟು ನೀಲಿ ಬಣ್ಣದ ಅಲ್ಯುಮಿನಿಯಂ ಆರ್ಮ್ ತರಿಸ್ದೆ. ನೋಡ್ಲಿಕ್ಕೆ ಭಾಳ ಛಂದ. ಮುಂದಿನ ಡಿಕ್ಕಿಗೆ ಆರ್ಮ್ ಮುರೀಲಿಲ್ಲ ಖರೆ, ಸಣ್ಣಗೆ ಬಾಗಿತು, ಆದ್ರ ಆ ಪೆಟ್ಟು ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ, ಸೀದಾ ಒಳಗ ಹೋಗಿ ಮುಂದಿನ ಗೇರ್‌ಬಾಕ್ಸ್ ಹೌಸಿಂಗ್ (ಗೇರ್ ಕೂಡೋ ಡಬ್ಬಿ) ಸೀಳ್ತು. ಪ್ಲಾಸ್ಟಿಕ್ ಆರ್ಮ್ ಬಾಗಿ ಪೆಟ್ಟು ನುಂಗ್ತದ, ತಡೀಲಿಲ್ಲಂದ್ರ ತಾನೇ ಮುರದು ಒಳಗಿಂದು ಉಳಸ್ತದ. ಅದರ ಕೆಲಸಾನೇ ಅದು. 280 ರೂಪಾಯಿ ಜೋಡಿ ಆರ್ಮ್ ಬದಲ್ಸೋದು ಹತ್ತು ನಿಮಿಷದ ಕೆಲಸ, ಹೌಸಿಂಗ್ ಬದಲ್ಸೋದು ಅಂದ್ರ ಸ್ಟೀರಿಂಗ್, ಶಾಕ್ ಅಬ್ಸಾರ್ಬರ್, ಡಿಫ್ (ಡಿಫರೆನ್ಷಿಯಲ್ ಗೇರ್) ಎಲ್ಲಾ ಬಿಚ್ಚಿ ಹಾಸಿಗಿ ಮ್ಯಾಲ ಹರವಿ ಕೂಡ್ಬೇಕು, ಅದ್ರ ಮ್ಯಾಲ ಪಾರ್ಟ್ ಬರ್ಲಿಕ್ಕೆ ಮೂರು ವಾರ ಹಿಡೀತು. ಆ ಮೂರು ರವಿವಾರ ನಾ ಬರೇ ಲ್ಯಾಪ್ ಎಣಿಸ್ಕೋತ ನಿಂತಿದ್ದೆ, ಅದರ ಸಂಕಟ ನಂಗೇ ಗೊತ್ತು. ನೀಲಿ ಆರ್ಮ್ ಬಿಚ್ಚಿ ಇಟ್ಟೀನಿ, ಮತ್ತ ಹಾಕಂಗಿಲ್ಲ.

ಪಾರ್ಟ್ ಸಿಗೋದೇ ನಮ್ ಊರಿನ್ಯಾಗ ದೊಡ್ಡ ತಲಿಬ್ಯಾನಿ. ಸೂಪರ್ ಮಾರ್ಕೆಟ್ ಬಜಾರ್ ಪೂರಾ ತಿರುಗೀನಿ, ಆಟಿಕಿ ಅಂಗಡ್ಯಾಗ ಬರೇ ಪೆನ್ಸಿಲ್ ಸೆಲ್ಲಿನ ಕಾರು ತೋರಸ್ತಾರ. ಆದ್ರ ಹಿಂಜ್ ಪಿನ್ ಬಾಗಿದ್ರ ಚಿಂತಿ ಇಲ್ಲ, ನನ್ ಗಾಡಿದು 2 ಮಿಲಿಮೀಟರ್, ಸೈಕಲ್ ಕಡ್ಡಿನೂ ಅಷ್ಟೇ ದಪ್ಪ, ಸೈಕಲ್ ರಿಪೇರಿಯವ್ರ ಹತ್ರ ಹಳೇ ಕಡ್ಡಿ ಇಸ್ಕೊಂಡು ಕತ್ತರಿಸಿ ಅಂಚು ಅರದಿಂದ ತಿಕ್ಕಿದ್ರ ಒಂದು ರೇಸಿಗೆ ಆರಾಮ್ ನಡೀತದ. ವೈರ್ ಕಿತ್ರ ಮೊಬೈಲ್ ರಿಪೇರಿ ಅಂಗಡ್ಯಾಗ ಸೋಲ್ಡರ್ ಹಾಕಿ ಕೊಡ್ತಾರ, ನನಗಿಂತ ಛಲೋ ಹಾಕ್ತಾರ.

ನಮ್ ಎರಿ ಮಣ್ಣು ಈ ಗಾಡಿಗೆ ಎರಡೂ ಕಾಲದಾಗ ವೈರಿ. ಬ್ಯಾಸಗಿಗೆ ಬಿರುಕು ಬಿಡ್ತದ, ಮುಂದಿನ ಗಾಲಿ ಅದ್ರಾಗ ಇಳೀತಂದ್ರ ಆರ್ಮ್ ಹೋತು. ಮಳಿ ಬಿದ್ರ ಟೈರಿಗೆ ಮೆತ್ಕೊಂಡು ಒಂದೊಂದು ಗಾಲಿ ಶೇಂಗಾ ಉಂಡಿ ಆಗ್ತದ, ಅಷ್ಟು ಭಾರ ಎಳದು ಮೋಟರ್ ಸುಡ್ತದ. ಹಸಿ ಎರಿ ಮ್ಯಾಲ ಓಡಿಸ್ಲೇಬ್ಯಾಡ್ರಿ, ಮುರುಮ್ (ಗರಸು ಮಣ್ಣು) ಹಾಕಿದ ಜಾಗ ಹುಡುಕ್ರಿ. ಮೇ ತಿಂಗಳ ಬಿಸಿಲಿನ್ಯಾಗಂತೂ ಒಂದು ಬ್ಯಾಟರಿ ಮುಗಿದ ಕೂಡ್ಲೇ ಇನ್ನೊಂದು ಹಾಕ್ಬ್ಯಾಡ್ರಿ, ಮೋಟರ್ ಡಬ್ಬಿ ಮ್ಯಾಲ ಮೂರು ಸೆಕೆಂಡ್ ಬೆರಳು ಇಡ್ಲಿಕ್ಕೆ ಆಗ್ಲಿಲ್ಲಂದ್ರ ನೆರಳಿನ್ಯಾಗ ಇಟ್ಟು ಚಾ ಕುಡದು ಬರ್ರಿ. ಲಿಪೊ ಒಂದು ಸೆಲ್ಲಿಗೆ 4.2 ವೋಲ್ಟ್ ಅಂದ್ರ ಫುಲ್, 3.2ರ ಕೆಳಗ ಇಳಿಸಬ್ಯಾಡ್ರಿ, ವಾರಗಟ್ಲೆ ಇಡೋದಿದ್ರ 3.8ಕ್ಕ ತಂದು ಇಡ್ರಿ, ಉಬ್ಬಿದ್ದು ಕಂಡ್ರ ಆಸಿ ಮಾಡ್ದೇ ಬಿಟ್ಬಿಡ್ರಿ.

ಎರಡು ಸಣ್ಣ ಮಾತು ಹೇಳ್ತೀನಿ, ನಂಗ ಯಾರೂ ಹೇಳಿರ್ಲಿಲ್ಲ. ಪಿನಿಯನ್ನಿಗೂ (ಮೋಟರಿನ ಸಣ್ಣ ಗೇರ್) ಅದಕ್ಕ ಕೂಡೋ ದೊಡ್ಡ ಸ್ಪರ್ ಗೇರಿಗೂ ನಡು ನೋಟ್‌ಬುಕ್ಕಿನ ಕಾಗದದ ಪಟ್ಟಿ ಸಿಗಿಸಿ, ಒತ್ತಿ ಹಿಡದು ಮೋಟರ್ ಸ್ಕ್ರೂ ಬಿಗಿ ಮಾಡ್ರಿ, ಆಮ್ಯಾಲ ಗೇರ್ ತಿರುವಿ ಪಟ್ಟಿ ಹೊರಗ ತಗೀರಿ, ಅದ್ರ ಮ್ಯಾಲ ಹಲ್ಲಿನ ಮಡಿಕಿ ಬಿದ್ದಿರ್ಬೇಕು, ಹರದಿರಬಾರ್ದು. ಹಂಗಿದ್ರ ಗೇರ್ ಹಲ್ಲು ಹೋಗಂಗಿಲ್ಲ. ಇನ್ನೊಂದು, ಗಾಳ್ಯಾಗ ಇದ್ದಾಗ ಥ್ರಾಟಲ್ ಒತ್ತಿ ಹಿಡದ್ರ ಗಾಲಿ ಸುಯ್ ಅಂತ ತಿರುಗ್ಕೋತ ಇಳದು ನೆಲಕ್ಕ ಬಡದಾಗ ಆ ಝಟ್ಕಾ ಪೂರಾ ಡ್ರೈವ್ ಶಾಫ್ಟಿಗೂ ಡಿಫಿಗೂ ಬೀಳ್ತದ, ಇಳಿಯೋದ್ರೊಳಗ ಬೆರಳು ಸಡ್ಲ ಬಿಡ್ರಿ. ಇದು ಕಲತ ಮ್ಯಾಲ ನಂದು ಒಂದೂ ಶಾಫ್ಟ್ ಹೋಗಿಲ್ಲ. ಹಾಂ, ಲೋಹಕ್ಕ ಲೋಹ ಕೂಡೋ ಸ್ಕ್ರೂಗೆ ಅಷ್ಟೇ ಥ್ರೆಡ್‌ಲಾಕ್ (ಸ್ಕ್ರೂ ಸಡ್ಲ ಆಗದಂಗ ಹಚ್ಚೋ ಅಂಟು) ಹಚ್ರಿ, ಪ್ಲಾಸ್ಟಿಕ್ಕಿಗೆ ತಾಗಿದ್ರ ಸೀಳ್ತದ.

ನನ್ ಕಡಿಂದ 5ಕ್ಕ 4. ಒಂದು ಕಟ್ ಮಾಡಿದ್ದು ಪಾರ್ಟ್ ತಡಾ ಬರ್ತಾವ ಅಂತ, ಒಮ್ಮಿ ಮುಂದಿನ ಆರ್ಮ್ ಕೇಳಿದ್ರ ಹಿಂದಿಂದು ಕಳ್ಸಿದ್ರು. ತಗೊಳ್ಳೋವ್ರು ಗಾಡಿ ಜೋಡಿನೇ ಮುಂದಿನ ಪ್ಲಾಸ್ಟಿಕ್ ಆರ್ಮ್ ಎರಡು ಸೆಟ್, ಒಂದು ಸ್ಪರ್ ಗೇರ್ ಹಾಕಿ ಆರ್ಡರ್ ಮಾಡ್ರಿ. ನಮ್ ಟ್ರ್ಯಾಕಿನ್ಯಾಗ ಫರ್ಸಿ ತಗದು ಈಗ ಹಳೇ ಸ್ಕೂಟರ್ ಟೈರ್ ಇಟ್ಟೀವಿ, ಆವಾಗಿಂದ ಆರು ರವಿವಾರ ಆತು, ಒಂದೂ ಆರ್ಮ್ ಬದಲ್ಸಿಲ್ಲ.