ಫಾರೆಕ್ಸ್ ಕಾರ್ಡಾ, ಕ್ರೆಡಿಟ್ ಕಾರ್ಡಾ, ಡೆಬಿಟ್ಟಾ? ವಿದೇಶಕ್ಕೆ ಹೊರಡುವ ಮುಂಚೆ ನೋಡಬೇಕಾದ ಲೆಕ್ಕ

ಬಳ್ಳಾರಿಯ ಜೀನ್ಸ್ ವ್ಯಾಪಾರಿ ಜಿಪ್ಪು, ಗುಂಡಿ ನೋಡಲು ಗ್ವಾಂಗ್‌ಝೌಗೆ ಹೊರಟಿರಲಿ, ತೋರಣಗಲ್ಲಿನ ಎಂಜಿನಿಯರ್ ತರಬೇತಿಗೆಂದು ಜರ್ಮನಿಗೆ ಹೊರಟಿರಲಿ, ರಾಯಚೂರಿನ ಕುಟುಂಬ ಶಂಶಾಬಾದ್‌ನಿಂದ ಉಮ್ರಾಕ್ಕೆ ವಿಮಾನ ಹತ್ತಲಿ, ಬ್ಯಾಂಕಿನ ಕೌಂಟರಿನಲ್ಲಿ ಸಿಗುವ ಸಲಹೆ ಒಂದೇ: ಫಾರೆಕ್ಸ್ ಕಾರ್ಡ್, ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಕೊಂಡು ಒಯ್ಯುವ ಕಾರ್ಡ್ ಮಾಡಿಸಿ. ಸಲಹೆ ಅರ್ಧ ಸರಿ. ಮೂರೂ ಕಾರ್ಡುಗಳನ್ನು ಬಳಸಿ ನೋಡಿದರೆ ಶುಲ್ಕದ ವ್ಯತ್ಯಾಸಕ್ಕಿಂತ ದೊಡ್ಡದು ಇನ್ನೊಂದು ಕಾಣುತ್ತದೆ. ಎಡವಟ್ಟಾದಾಗ ಸಿಕ್ಕಿಹಾಕಿಕೊಳ್ಳುವುದು ಯಾರ ದುಡ್ಡು, ನಿಮ್ಮದೋ ಬ್ಯಾಂಕಿನದೋ?

ಮೊದಲು ಶುಲ್ಕ. ಹೆಚ್ಚಿನ ಕ್ರೆಡಿಟ್ ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ಶೇ. 3.5 ಮಾರ್ಕಪ್ (ವಿನಿಮಯ ದರದ ಮೇಲೆ ಬ್ಯಾಂಕು ಸೇರಿಸುವ ಶುಲ್ಕ) ಹಾಕುತ್ತವೆ. ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ ಸೇರಿ ಒಟ್ಟು ಶೇ. 4.13. ಅಂದರೆ ಒಂದು ಲಕ್ಷ ರೂಪಾಯಿ ಖರ್ಚಿಗೆ ₹4,130. ಪ್ರೀಮಿಯಂ ಕಾರ್ಡಿನಲ್ಲಿ ಮಾರ್ಕಪ್ ಶೇ. 2 ಇದ್ದರೆ ₹2,360. ಮಾರ್ಕಪ್ಪೇ ಇಲ್ಲದ ಕಾರ್ಡುಗಳೂ ಈಗ ಸಿಗುತ್ತವೆ. ಡೆಬಿಟ್ ಕಾರ್ಡಿನ ಮಾರ್ಕಪ್ಪೂ ಸಾಮಾನ್ಯವಾಗಿ ಇದೇ ಮಟ್ಟದ್ದು. ಫಾರೆಕ್ಸ್ ಕಾರ್ಡಿಗೆ ಹಣ ತುಂಬಿದ ದಿನದ ದರವೇ ಗಟ್ಟಿ. ಆಮೇಲೆ ರೂಪಾಯಿ ಬಿದ್ದರೂ ಎದ್ದರೂ ನಿಮಗೆ ಸಂಬಂಧವಿಲ್ಲ. ಆದರೆ ಆ ದರದೊಳಗೇ ಬ್ಯಾಂಕಿನ ಲಾಭ ಕೂತಿರುತ್ತದೆ. ಬ್ರೋಷರಿನಲ್ಲಿ 'ಶೂನ್ಯ ಮಾರ್ಕಪ್' ಎಂದಿದ್ದರೆ, ಅದೇ ದಿನದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರವನ್ನು ಅವರವರ ಜಾಲತಾಣದಲ್ಲಿ ನೋಡಿ, ಪಕ್ಕದಲ್ಲಿಟ್ಟು ಹೋಲಿಸಿ.

ಫಾರೆಕ್ಸ್ ಕಾರ್ಡಿನಲ್ಲಿ ಜನ ಎಡವುವುದು ಕರೆನ್ಸಿ ಆಯ್ಕೆಯಲ್ಲಿ. ಡಾಲರ್ ತುಂಬಿದ ಕಾರ್ಡನ್ನು ಮೆಕ್ಕಾದಲ್ಲಿ ಉಜ್ಜಿದರೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ, ಬಹುತೇಕ ಶೇ. 3.5ರ ಆಸುಪಾಸು. ಡಾಲರಿಗೆ 3.75 ರಿಯಾಲ್ ಎಂಬ ದರ ಎಷ್ಟೋ ವರ್ಷಗಳಿಂದ ಅಲ್ಲಾಡಿಲ್ಲ, ಆದರೂ ಬ್ಯಾಂಕು ತನ್ನ ಪಾಲು ಬಿಡುವುದಿಲ್ಲ. ಸೌದಿಗಾದರೆ ರಿಯಾಲನ್ನೇ, ದುಬೈಗಾದರೆ ದಿರ್ಹಮನ್ನೇ ತುಂಬಿಸಿ. ಜರ್ಮನಿಗೆ ಹೋಗುವವರು ಯೂರೋ ಎಂದು ಬಾಯಿಬಿಟ್ಟು ಹೇಳಬೇಕು, ಸುಮ್ಮನಿದ್ದರೆ ಕೌಂಟರಿನವರು ರೂಢಿಯಂತೆ ಡಾಲರ್ ತುಂಬಿಬಿಡುತ್ತಾರೆ.

ಇನ್ನು ಹೋಟೆಲ್. ಚೆಕ್ ಇನ್ ಹೊತ್ತಿಗೆ ಠೇವಣಿಯೆಂದು ಒಂದಿಷ್ಟು ಮೊತ್ತವನ್ನು ಬ್ಲಾಕ್ ಮಾಡುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುವುದು ಮಿತಿಯನ್ನು ಮಾತ್ರ. ಫಾರೆಕ್ಸ್, ಡೆಬಿಟ್ ಕಾರ್ಡುಗಳಲ್ಲಿ ತಡೆಹಿಡಿಯುವುದು ನಿಮ್ಮ ದುಡ್ಡನ್ನೇ. ರೂಮು ಬಿಟ್ಟ ಮೇಲೂ ಅದು ವಾಪಸ್ ಸೇರಲು ವಾರ ಹಿಡಿಯುತ್ತದೆ, ಕೆಲವೊಮ್ಮೆ ತಿಂಗಳೇ. ಊಟದ ದುಡ್ಡೇ ಹೀಗೆ ಸಿಕ್ಕಿಬಿದ್ದರೆ ಪರದೇಶದಲ್ಲಿ ಕೈ ಚೆಲ್ಲಿ ಕೂರಬೇಕಾಗುತ್ತದೆ. ಬಾಡಿಗೆ ಕಾರಿನವರಂತೂ ಬಹಳ ಕಡೆ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಹಾಗಾಗಿ ಠೇವಣಿಗೆ ಕ್ರೆಡಿಟ್ ಕಾರ್ಡ್ ಕೊಡಿ. ಕೊನೆಯ ಬಿಲ್ಲನ್ನು ಬೇಕಿದ್ದರೆ ಫಾರೆಕ್ಸ್ ಕಾರ್ಡಿನಲ್ಲಿ ಕಟ್ಟಿ, ಕ್ರೆಡಿಟ್ ಕಾರ್ಡಿನ ಬ್ಲಾಕ್ ತೆಗೆಯಲು ಅಲ್ಲೇ ಹೇಳಿ.

ವಂಚನೆಯಲ್ಲೂ ಇದೇ ಕಥೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದಲ್ಲದೆ, ಬ್ಯಾಂಕಿನದೂ ಅಲ್ಲದೆ ಮೂರನೆಯವರಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕನ ಹೊಣೆ ಶೂನ್ಯ. ಬ್ಯಾಂಕು ಹತ್ತು ಕೆಲಸದ ದಿನಗಳಲ್ಲಿ ತಾತ್ಕಾಲಿಕವಾಗಿ ಹಣ ಜಮೆ ಮಾಡಬೇಕು. ಊರಲ್ಲಿದ್ದರೆ ಹತ್ತು ದಿನ ಕಾಯಬಹುದು. ಬ್ಯಾಂಕಾಕಿನಲ್ಲಿದ್ದು, ಖಾಲಿಯಾದದ್ದು ಉಳಿತಾಯ ಖಾತೆಗೆ ಜೋಡಿಸಿದ ಡೆಬಿಟ್ ಕಾರ್ಡಾದರೆ? ಸಂಬಳದ ಖಾತೆಯ ಡೆಬಿಟ್ ಕಾರ್ಡನ್ನು ವಿದೇಶದ ಅಂಗಡಿಗಳಲ್ಲಿ ಉಜ್ಜಬೇಡಿ. ಅದು ಕೊನೆಯ ಆಸರೆಯಾಗಿ ಪೆಟ್ಟಿಗೆಯಲ್ಲಿರಲಿ.

ನಗದಿನ ವಿಷಯದಲ್ಲಿ ಕ್ರೆಡಿಟ್ ಕಾರ್ಡ್ ನೇರವಾಗಿ ಸೋಲುತ್ತದೆ. ಎಟಿಎಂನಲ್ಲಿ ತೆಗೆದ ಕ್ಷಣದಿಂದಲೇ ಬಡ್ಡಿ, ಮೇಲೆ ಶೇ. 2.5ರಷ್ಟು ಮುಂಗಡ ಶುಲ್ಕ, ಅದರ ಮೇಲೆ ಮಾರ್ಕಪ್. ನಗದಿಗೆ ಫಾರೆಕ್ಸ್ ಕಾರ್ಡೇ ಸರಿ, ಆದರೆ ಚೂರುಚೂರು ತೆಗೆಯಬಾರದು. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಆಸುಪಾಸು ಮುರಿದುಕೊಳ್ಳುವುದು ರೂಢಿ. 2,000 ಬಾತ್ ತೆಗೆದರೆ ಅದು ಸುಮಾರು ಶೇ. 11, 20,000 ತೆಗೆದರೆ ಸುಮಾರು ಶೇ. 1.1.

ಮೂರೂ ಕಾರ್ಡುಗಳಿಗೆ ಸಮನಾಗಿ ಕಾಡುವ ಕಾಟ ಡಿಸಿಸಿ (ಡೈನಾಮಿಕ್ ಕರೆನ್ಸಿ ಕನ್ವರ್ಶನ್), ಅಂದರೆ ಬಿಲ್ಲನ್ನು ಅಲ್ಲೇ ರೂಪಾಯಿಗೆ ಬದಲಿಸಿ ಕೊಡುವುದು. ಯಂತ್ರದ ಪರದೆ ಯೂರೋ ಬೇಕೋ ರೂಪಾಯಿ ಬೇಕೋ ಎಂದು ಕೇಳುತ್ತದೆ. ನಮ್ಮ ರೂಪಾಯಿ ಕಂಡು ಖುಷಿಯಾಗಿ ಅದನ್ನೇ ಒತ್ತಿದರೆ, ಅಂಗಡಿಯ ಕಡೆಯ ಬ್ಯಾಂಕು ತನ್ನದೇ ದರ ಹಾಕಿ ಬೆಣ್ಣೆಯಿಂದ ಕೂದಲು ತೆಗೆದಂತೆ ದುಡ್ಡು ತೆಗೆಯುತ್ತದೆ. ಬಿಲ್ಲು ರೂಪಾಯಿಯಲ್ಲಿದ್ದರೂ ವ್ಯಾಪಾರಿ ವಿದೇಶದವನೆಂದು ನಮ್ಮ ಬ್ಯಾಂಕುಗಳೂ ಬೇರೆ ಶುಲ್ಕ ಹಾಕುವುದುಂಟು. ಯೂರೋ ತುಂಬಿದ ಫಾರೆಕ್ಸ್ ಕಾರ್ಡಿನಲ್ಲಿ ರೂಪಾಯಿ ಒತ್ತಿದರೆ ಇನ್ನೂ ಕಷ್ಟ, ಯೂರೋದಿಂದ ರೂಪಾಯಿಗೆ ಎಂದು ಕ್ರಾಸ್ ಕರೆನ್ಸಿ ಶುಲ್ಕವೂ ಜೊತೆಗೂಡುತ್ತದೆ. ಯಾವತ್ತೂ ಅಲ್ಲಿನ ಕರೆನ್ಸಿಯನ್ನೇ ಒತ್ತಿ. ಎಟಿಎಂನಲ್ಲಿ 'ಡಿಕ್ಲೈನ್ ಕನ್ವರ್ಶನ್' ಒತ್ತಿದರೆ ವ್ಯವಹಾರವೇ ರದ್ದಾಗುತ್ತದೆ ಎಂದು ಹೆದರುವವರಿದ್ದಾರೆ. ರದ್ದಾಗುವುದಿಲ್ಲ, ದುಡ್ಡು ಬರುತ್ತದೆ.

ಭದ್ರತೆಯ ಹೋಲಿಕೆ ಕಾರ್ಡಿನ ಹೆಸರಿಗಿಂತ ಅದನ್ನು ಓದಿಸುವ ವಿಧಾನದ ಮೇಲೆ ನಿಂತಿದೆ. ಕಾರ್ಡಿನ ಬೆನ್ನಿನ ಕಪ್ಪು ಮ್ಯಾಗ್ನೆಟಿಕ್ ಪಟ್ಟಿಯಲ್ಲಿರುವ ಮಾಹಿತಿ ಎಂದೂ ಬದಲಾಗದು. ಒಮ್ಮೆ ನಕಲಾದರೆ ಅದೇ ಕಾರ್ಡು ಇನ್ನೊಂದು ಹುಟ್ಟಿದ ಹಾಗೆ. ಚಿಪ್ ಹಾಗಲ್ಲ, ಪ್ರತಿ ವ್ಯವಹಾರಕ್ಕೂ ಹೊಸ ಗುಪ್ತಸಂಕೇತ ಹುಟ್ಟಿಸುತ್ತದೆ, ಕದ್ದರೂ ಎರಡನೇ ಸಲ ನಡೆಯುವುದಿಲ್ಲ. ಮಾಸ್ಟರ್‌ಕಾರ್ಡ್ 2033ರೊಳಗೆ ಪಟ್ಟಿಯನ್ನೇ ಪೂರ್ತಿ ಕೈಬಿಡುವುದಾಗಿ 2021ರಲ್ಲಿ ಹೇಳಿರುವುದು ಸುಮ್ಮನೆ ಅಲ್ಲ. ಅಂಗಡಿಯವ ಚಿಪ್ ಬಿಟ್ಟು ಉಜ್ಜಲು ಹೊರಟರೆ ಬೇಡ ಎನ್ನಿ.

ಟ್ಯಾಪ್ ಮಾಡುವುದೂ ಚಿಪ್ಪಿನಷ್ಟೇ ಭದ್ರ. ಗುಂಪಿನಲ್ಲಿ ಯಾರೋ ಯಂತ್ರ ತಾಗಿಸಿ ದುಡ್ಡು ಎಳೆದುಬಿಡುತ್ತಾರೆ ಎಂಬ ಭಯಕ್ಕೆ ಮಾರುವ, ರೇಡಿಯೋ ಅಲೆ ತಡೆಯುವ ಆರ್‌ಎಫ್‌ಐಡಿ ಪರ್ಸುಗಳು ಕಾಸಿಗೆ ತಕ್ಕ ಕಜ್ಜಾಯವಲ್ಲ. ರೇಡಿಯೋ ಅಲೆ ಕೆಲಸ ಮಾಡುವುದು ನಾಲ್ಕೈದು ಸೆಂಟಿಮೀಟರ್ ಒಳಗೆ, ಕಾರ್ಡಿನ ಹಿಂದೆ ಮುದ್ರಿಸಿದ ಗುಪ್ತ ಅಂಕಿ ಸಿವಿವಿ ಅದರಲ್ಲಿ ಹರಿಯುವುದೇ ಇಲ್ಲ.

ನಿಜವಾದ ತೂತು ಬೇರೆ ಕಡೆ ಇದೆ. ನಮ್ಮ ದೇಶದ ಜಾಲತಾಣಗಳಲ್ಲಿ ಸಾಮಾನ್ಯವಾಗಿ ಒಟಿಪಿಯಂಥ ಎರಡನೇ ದೃಢೀಕರಣ ಬೇಕೇ ಬೇಕು, ಹೊರದೇಶದ ಅನೇಕ ತಾಣಗಳು ಅದನ್ನು ಕೇಳುವುದೇ ಇಲ್ಲ. ನಂಬರು, ಅವಧಿ, ಸಿವಿವಿ ಸಿಕ್ಕರೆ ಸಾಕು, ಖರೀದಿ ಮುಗಿಯಿತು. ಅದಕ್ಕೇ ಬ್ಯಾಂಕ್ ಆ್ಯಪಿನಲ್ಲಿ ಅಂತರರಾಷ್ಟ್ರೀಯ ವಿಭಾಗದ ಎಟಿಎಂ, ಅಂಗಡಿ, ಆನ್‌ಲೈನ್, ಟ್ಯಾಪ್ ಗುಂಡಿಗಳನ್ನು ಬೇರೆಬೇರೆಯಾಗಿ ನೋಡಿ. 2020ರ ನಿಯಮ ಬಂದಾಗಿನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ, ಕಾರ್ಡ್ ನಿರಾಕರಣೆಗೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಂಗಡಿ ಮತ್ತು ಟ್ಯಾಪ್ ತೆರೆಯಿರಿ, ಆನ್‌ಲೈನ್ ಗುಂಡಿಯನ್ನು ಬುಕಿಂಗ್ ಹೊತ್ತಿಗೆ ಮಾತ್ರ ತೆರೆದು ಮುಚ್ಚಿ. ಒಂದೇ ತೊಡಕು: ಹೋಟೆಲಿನವರು ಆಮೇಲೆ ಅದೇ ನಂಬರಿನಿಂದ ಹಣ ಎಳೆಯಲು ಹೋದರೆ ನಿರಾಕರಣೆಯಾಗುತ್ತದೆ. ಬುಕಿಂಗಿನಲ್ಲಿ 'ನಂತರ ಪಾವತಿ' ಎಂದಿದ್ದರೆ ಆ ದಿನ ನೆನಪಿಡಿ.

ಗ್ವಾಂಗ್‌ಝೌ ದಾರಿ ಬೇರೆಯೇ. ಅಲ್ಲಿ ಸಣ್ಣ ಅಂಗಡಿಗಳಲ್ಲಿ ಕಾರ್ಡ್ ಯಂತ್ರಕ್ಕಿಂತ ಕ್ಯೂಆರ್ ಹೆಚ್ಚು. ಅಲಿಪೇಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. 200 ಯುವಾನ್ ಒಳಗಿನ ಪಾವತಿಗೆ ಅವರ ಶುಲ್ಕವಿಲ್ಲ, ಮೇಲಿದ್ದರೆ ಶೇ. 3, ಅದರ ಮೇಲೆ ನಮ್ಮ ಬ್ಯಾಂಕಿನ ಮಾರ್ಕಪ್. ಜೋಡಿಸುವಾಗ ಒಟಿಪಿ ಬರಬಹುದು, ಊರಲ್ಲೇ ಮುಗಿಸಿಕೊಳ್ಳಿ. ಯುಪಿಐ ಸಿಂಗಾಪುರ, ಯುಎಇ, ನೇಪಾಳಗಳಲ್ಲಿ ಕೆಲವು ಕಡೆ ನಡೆಯುತ್ತದೆ, ಅದನ್ನೇ ನಂಬಿ ಹೊರಡುವಷ್ಟಿಲ್ಲ.

ಹೊರಡುವ ವಾರ ಮಾಡಬೇಕಾದ ಕೆಲಸದಲ್ಲಿ ಹೆಚ್ಚು ಮರೆಯುವುದು ಕ್ರೆಡಿಟ್ ಕಾರ್ಡಿನ ಪಿನ್. ಊರಲ್ಲಿ ₹5,000 ಒಳಗೆ ಟ್ಯಾಪ್ ಮಾಡಿ, ಆನ್‌ಲೈನ್ ಖರೀದಿಗೆ ಒಟಿಪಿ ಹಾಕಿ ದಿನ ಕಳೆದವರಿಗೆ ಪಿನ್ ಇದೆಯೆಂಬುದೇ ನೆನಪಿರುವುದಿಲ್ಲ. ಜರ್ಮನಿಯ ರೈಲು ಟಿಕೆಟ್ ಯಂತ್ರ ಪಿನ್ ಕೇಳಿದಾಗ ಮೂರು ಸಲ ತಪ್ಪು ಒತ್ತಿದರೆ ಕಾರ್ಡು ಲಾಕ್. ಪಿನ್ ಹಾಕಿಕೊಂಡು, ಬಳ್ಳಾರಿ ಅಥವಾ ಕೊಪ್ಪಳದ ಯಾವುದಾದರೂ ಅಂಗಡಿಯಲ್ಲಿ ಚಿಪ್ ತೂರಿಸಿ ಒಮ್ಮೆ ಪರೀಕ್ಷಿಸಿ. ಒಟಿಪಿ ಬರುವ ಸಿಮ್ಮಿನ ರೋಮಿಂಗ್ ಊರಲ್ಲೇ ಶುರು ಮಾಡಿಸಿ. ಬ್ಯಾಂಕಿನ ವಿದೇಶಿ ಸಹಾಯವಾಣಿ ಪೂರ್ತಿ +91 ಸಮೇತ ಕಾಗದದಲ್ಲಿ ಬರೆದಿಡಿ, ಏಕೆಂದರೆ 1800 ನಂಬರುಗಳು ಹೊರಗಿನಿಂದ ಸಾಮಾನ್ಯವಾಗಿ ತಾಗುವುದಿಲ್ಲ. ಕ್ರೆಡಿಟ್ ಕಾರ್ಡ್ ಪರ್ಸಿನಲ್ಲಿದ್ದರೆ ಫಾರೆಕ್ಸ್ ಕಾರ್ಡ್ ರೂಮಿನ ಲಾಕರಿನಲ್ಲಿರಲಿ. ನಗದು ಬೇಕಾದ ದಿನ ಮಾತ್ರ ಅದು ಹೊರಗೆ ಬರಲಿ.