ಟಾಲಿಲಿನ್ ರೈಲು: ಕಿಟಕಿಗಿಂತ ಮೊದಲು ಹಳಿ ನೋಡಿ

ವೇಲ್ಸ್‌ನ ಪಶ್ಚಿಮ ಕರಾವಳಿಯ ಟೌವಿನ್‌ನಿಂದ ಬೆಟ್ಟದ ಕಡೆ ಹತ್ತುವ ಟಾಲಿಲಿನ್ ರೈಲಿನ ಬಗ್ಗೆ ಬರೆಯುವವರೆಲ್ಲ ಉಗಿ ಎಂಜಿನ್ನು, ಡೋಲ್‌ಗೋಖ್ ಜಲಪಾತ, ಹಸಿರು ಕಣಿವೆ ಎಂದು ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅವೆಲ್ಲ ಚೆನ್ನಾಗಿಯೇ ಇವೆ. ಆದರೆ ಟಿಕೆಟಿನ ದುಡ್ಡು ನಿಜವಾಗಿ ವಸೂಲಾಗುವುದು ಕೂತ ಸೀಟಿನ ಕೆಳಗೆ, ಹಳಿಯಲ್ಲಿ. ಒಟ್ಟು ದೂರ ಸುಮಾರು 11.7 ಕಿ.ಮೀ., ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, 686 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; ಅದರ ಅರ್ಧವೂ ಇಲ್ಲ.

ಗೇಜು ಕಿರಿದಾದರೆ ಹಳಿ ಕೆಲಸ ಸುಲಭ ಎಂದುಕೊಳ್ಳುವವರೇ ಹೆಚ್ಚು. ಲೆಕ್ಕ ತಿರುಗುಮುರುಗು. ಒಂದು ಹಳಿ ಇನ್ನೊಂದಕ್ಕಿಂತ 10 ಮಿ.ಮೀ. ಕುಸಿದಿದೆ ಅನ್ನಿ. ಬ್ರಾಡ್‌ಗೇಜ್‌ನಲ್ಲಿ ಬೋಗಿ ಎಷ್ಟು ವಾಲುತ್ತದೋ, ಇಲ್ಲಿ ಅದರ ಎರಡೂವರೆ ಪಟ್ಟು ವಾಲುತ್ತದೆ. ಹಾಗಾಗಿ ಇಲ್ಲಿ ಹಳಿ ರಿಪೇರಿ ಗ್ಯಾಂಗಿನವರು ರಸಮಟ್ಟ ಕೆಳಗಿಡುವಂತೆಯೇ ಇಲ್ಲ. ಸಂಬಳದ ಕೆಲವು ಸಿಬ್ಬಂದಿಯ ಜೊತೆ ಆ ಗ್ಯಾಂಗಿನಲ್ಲಿ ದುಡಿಯುವವರು ಸ್ವಯಂಸೇವಕರು.

ಸ್ಲೇಟು ಕಲ್ಲು ಸಾಗಿಸಲೆಂದು 1860ರ ದಶಕದಲ್ಲಿ ಹಾಕಿದ ದಾರಿ ಇದು. 1950ರಲ್ಲಿ ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ ತೀರಿಕೊಂಡರು. ರೈಲನ್ನು ಉಳಿಸಲೆಂದು ಅದೇ ವರ್ಷ ಹುಟ್ಟಿದ ಸಂಘ 1951ರ ಮೇ ತಿಂಗಳಲ್ಲಿ ರೈಲು ಓಡಿಸಿತು. ಸ್ವಯಂಸೇವಕರು ಉಳಿಸಿಕೊಂಡ ರೈಲುಗಳಲ್ಲಿ ಜಗತ್ತಿಗೇ ಇದು ಮೊದಲನೆಯದು. ಆಗ ಹಳಿಯ ಮೇಲೆ ಹುಲ್ಲು ಬೆಳೆದು ನಿಂತಿತ್ತು, ಓಡುವ ಸ್ಥಿತಿಯಲ್ಲಿದ್ದದ್ದು ಡೋಲ್‌ಗೋಖ್ ಎಂಬ ಒಂದೇ ಎಂಜಿನ್ನು. ಪಕ್ಕದ ಕೋರಿಸ್ ರೈಲಿನಿಂದ ಕೊಂಡು ತಂದ 3ನೇ ನಂಬರಿನ ಎಂಜಿನ್ನನ್ನು ಹಳಿಗಿಳಿಸಿದರೆ ಅದು ಹಳಿ ತಪ್ಪತೊಡಗಿತು. ಎರಡೂ ರೈಲಿನ ಗೇಜು ಕಾಗದದಲ್ಲಿ ಒಂದೇ. ಆದರೆ ಹಳೆ ಡೋಲ್‌ಗೋಖ್ ಎಂಜಿನ್ನಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಉದ್ದ. ಅದು ತಿರುವಿನಲ್ಲಿ ಸಲೀಸಾಗಿ ಹೋಗಲೆಂದು ಹಳೇ ಕಂಪನಿಯವರು ಹಳಿಯನ್ನು ಸುಮಾರು ಅರ್ಧ ಇಂಚು ಅಗಲವಾಗಿಯೇ ಹಾಕಿದ್ದರು. ಡೋಲ್‌ಗೋಖ್, ಟಾಲಿಲಿನ್ ಎಂಬ ಹಳೆಯ ಎರಡು ಎಂಜಿನ್ನುಗಳ ಗಾಲಿಪಟ್ಟಿ (ಹಳಿಯ ಮೇಲೆ ಉರುಳುವ ಭಾಗ) ಅಗಲವಿದ್ದುದರಿಂದ ಅವಕ್ಕೆ ನಡೆಯಿತು, ಕೋರಿಸ್‌ನದ್ದಕ್ಕೆ ನಡೆಯಲಿಲ್ಲ. ಅರ್ಧ ಇಂಚು ಎಂದರೆ ಹದಿಮೂರು ಮಿ.ಮೀ.ಗಿಂತ ಕಡಿಮೆ, ಒಂದು ಎಂಜಿನ್ನನ್ನು ನೆಲಕ್ಕಿಳಿಸಲು ಅಷ್ಟು ಸಾಕು.

ಇನ್ನು ಹಳಿಯನ್ನು ಓದುವ ಬಗೆ. ಹತ್ತುವಾಗ ಕೊನೆಯ ಬೋಗಿಯಲ್ಲಿ ಕೂರಿ, ಎಂಜಿನ್ನಿನ ಸದ್ದು ದೂರವಿರುತ್ತದೆ. ಹಳಿಯ ತುಂಡುಗಳು ಸೇರುವ ಜಾಯಿಂಟುಗಳ ಮೇಲೆ ಗಾಲಿ ‘ಟಕ್ಕು ಟಕ್ಕು’ ಎಂದು ಸಮವಾಗಿ ಹೋದರೆ ಜಾಯಿಂಟು ಗಟ್ಟಿ. ‘ಧಡ್’ ಎಂದು ಕುಕ್ಕಿದರೆ ಅಲ್ಲಿ ಸ್ಲೀಪರಿನ (ಹಳಿಯನ್ನು ಹೊರುವ ಅಡ್ಡಮರ) ಕೆಳಗೆ ಟೊಳ್ಳು. ಪ್ಲಾಟ್‌ಫಾರಂ ತುದಿಯಲ್ಲಿ ನಿಂತೂ ಇದನ್ನು ಗುರುತಿಸಬಹುದು (ಹಳಿಗೆ ಇಳಿಯುವಂತಿಲ್ಲ): ಟೊಳ್ಳಿರುವ ಕಡೆ ಸ್ಲೀಪರ್ ಪ್ರತಿ ರೈಲಿಗೂ ಮೇಲೆ ಕೆಳಗೆ ಆಡಿ ಜಲ್ಲಿಯನ್ನು ಅರೆಯುತ್ತದೆ. ಒಣ ದಿನದಲ್ಲಿ ಸ್ಲೀಪರಿನ ಸುತ್ತ ಜಲ್ಲಿ ಸುಣ್ಣ ಚಿಮುಕಿಸಿದ ಹಾಗೆ ಬೆಳ್ಳಗಾಗಿರುತ್ತದೆ. ಮಳೆಯಲ್ಲಿ ಅದೇ ಪುಡಿ ಕೆಸರಾಗಿ ಮೇಲಕ್ಕೆ ಚಿಮ್ಮುತ್ತದೆ. ವೇಲ್ಸ್‌ನ ಮಳೆ ನಮ್ಮ ಮಲೆನಾಡಿನವರಿಗೆ ಪರಿಚಿತ ಜಾತಿಯದ್ದು. ಹೀಗಾಗಿ ಅರ್ಧಕ್ಕರ್ಧ ಹಳಿ ಕೆಲಸ ಎಂದರೆ ಪಕ್ಕದ ಚರಂಡಿ ಬಿಡಿಸುವ ಕೆಲಸ. ಕೆಸರು ತುಂಬಿದ ಜಲ್ಲಿಗೆ ಎಷ್ಟು ಪ್ಯಾಕಿಂಗ್ (ಸ್ಲೀಪರಿನ ಕೆಳಗೆ ಜಲ್ಲಿ ತುರುಕಿ ಬಿಗಿ ಮಾಡುವುದು) ಮಾಡಿದರೂ ನಾಲ್ಕು ಮಳೆಗೆ ಮತ್ತೆ ಕುಸಿಯುತ್ತದೆ.

ಪ್ಯಾಕಿಂಗ್ ನೋಡಲು ಒರಟು, ಮಾಡಲು ನಾಜೂಕು. ಜಾಯಿಂಟಿನ ಎರಡೂ ಕಡೆಯ ಎರಡು ಮೂರು ಸ್ಲೀಪರುಗಳ ನಡುವಿನ ಜಲ್ಲಿಯನ್ನು ಮೊದಲು ಬಗೆದು ತೆಗೆಯಬೇಕು. ಜಾಕಿ ಕೂರಬೇಕಾದ್ದು ಹಳಿಯ ಹೊರಬದಿಗೆ. ಗೇಜಿನ ಕೋಲಿನ ಮೇಲೆ ರಸಮಟ್ಟ ಇಟ್ಟು, ಬೇಕಾದ ಮಟ್ಟಕ್ಕಿಂತ 2-3 ಮಿ.ಮೀ. ಹೆಚ್ಚೇ ಎತ್ತಬೇಕು, ಮೊದಲ ಕೆಲವು ರೈಲಿಗೆ ಅಷ್ಟು ಕೂತುಕೊಳ್ಳುತ್ತದೆ. ಆಮೇಲೆ ಬೀಟರಿನಿಂದ (ಜಲ್ಲಿ ಬಡಿಯುವ ಸಲಕರಣೆ) ಸ್ಲೀಪರಿನ ಕೆಳಗೆ ಜಲ್ಲಿ ತುರುಕುವುದು. ಹಳಿಯ ಒಳಗೂ ಹೊರಗೂ ಒಂದೊಂದು ಗೇಣು ಗಟ್ಟಿಯಾಗಿ ಕೂರಿಸಿ, ಸ್ಲೀಪರಿನ ನಟ್ಟನಡುವೆ ಸಡಿಲ ಬಿಡಬೇಕು. ಹೊಸಬರು ತಪ್ಪುವುದು ಇಲ್ಲೇ. ಹುರುಪಿನಲ್ಲಿ ನಡುವಿಗೂ ಜಲ್ಲಿ ತುರುಕುತ್ತಾರೆ. ಆಗ ಸ್ಲೀಪರ್ ಏತದ ಹಾಗೆ ನಡುವಿನ ಮೇಲೆ ತೂಗಾಡಿ ಕೊನೆಗೆ ಅಲ್ಲೇ ಬಿರಿಯುತ್ತದೆ. ಒಂದೇ ಬದಿಯಿಂದ ಬಡಿದರೂ ತಪ್ಪೇ: ಜಲ್ಲಿ ಆ ಕಡೆಯಿಂದ ಈ ಕಡೆಗೆ ಜಾರಿ ಹೊರಗೆ ಬೀಳುತ್ತದೆ. ಇಬ್ಬರು ಎದುರುಬದುರು ನಿಂತು ಬಡಿಯಬೇಕು.

ಜಾಯಿಂಟಿನ ಫಿಷ್‌ಪ್ಲೇಟಿಗೂ ಮೈಗಳ್ಳತನ ಸಹಿಸದ ಸ್ವಭಾವ; ಎರಡು ಹಳಿಯ ತುದಿಗಳನ್ನು ಬೋಲ್ಟು ಹಾಕಿ ಸೇರಿಸುವ ಪಟ್ಟಿ ಅದು. 10 ಮೀಟರಿನ ಹಳಿ 30 ಡಿಗ್ರಿ ಬಿಸಿಯೇರಿದರೆ ಸುಮಾರು ಮೂರೂವರೆ ಮಿ.ಮೀ. ಹಿಗ್ಗುತ್ತದೆ. ಆ ಜಾಗಕ್ಕೇ ಹಳಿಗಳ ನಡುವೆ ಸಂದು ಬಿಟ್ಟಿರುವುದು. ತುಕ್ಕು ಹಿಡಿದು ಫಿಷ್‌ಪ್ಲೇಟು ಹಳಿಗೆ ಕಚ್ಚಿಕೊಂಡರೆ ಆ ಸಂದು ಕೆಲಸಕ್ಕೆ ಬರುವುದಿಲ್ಲ. ಹಿಗ್ಗಿದ್ದೆಲ್ಲ ಮುಂದಿನ ಜಾಯಿಂಟಿಗೆ ಒತ್ತಿ, ಬೇಸಿಗೆಯ ಒಂದು ಮಧ್ಯಾಹ್ನ ಹಳಿ ಹಾವಿನಂತೆ ಪಕ್ಕಕ್ಕೆ ಬಾಗುತ್ತದೆ. ಅದಕ್ಕೇ ಬಿಸಿಲು ಏರುವ ಮುಂಚಿನ ತಿಂಗಳುಗಳಲ್ಲಿ, ತಂಪು ಹೊತ್ತಿನಲ್ಲಿ, ಬೋಲ್ಟು ಬಿಚ್ಚಿ ತಂತಿ ಬ್ರಷ್ಷಿನಿಂದ ಉಜ್ಜಿ ಗ್ರೀಸು ಹಚ್ಚುವುದು. ಎದುರುಬದುರಿನ ಎರಡು ಜಾಯಿಂಟನ್ನು ಒಟ್ಟಿಗೆ ಬಿಚ್ಚಬಾರದು. ಉಜ್ಜಿದ ಮೇಲೆ ಬೋಲ್ಟಿನ ತೂತುಗಳ ಅಂಚನ್ನು ಟಾರ್ಚು ಹಿಡಿದು ನೋಡಬೇಕು, ಕೂದಲೆಳೆಯಂಥ ಬಿರುಕು ಹುಟ್ಟುವುದು ಅಲ್ಲಿಂದಲೇ. ಕಟ್ಟುವಾಗ ಶಕ್ತಿ ಪ್ರದರ್ಶನ ಬೇಡ. ಪ್ಲೇಟಿನೊಳಗೆ ಹಳಿ ಜಾರಬೇಕು.

ಸ್ಲೀಪರ್ ಕೊಳೆತಿದೆಯೇ ಎಂಬುದಕ್ಕೆ ಸುತ್ತಿಗೆಯೇ ವೈದ್ಯ. ತಟ್ಟಿದರೆ ಗಟ್ಟಿ ಮರ ಕಣಕಣ ಅನ್ನುತ್ತದೆ, ಕೊಳೆತದ್ದು ಹಲಸಿನ ಹಣ್ಣು ತಟ್ಟಿದ ಹಾಗೆ ಮೆತ್ತಗೆ ಸದ್ದು ಕೊಡುತ್ತದೆ. ಎಲ್ಲೋ ಒಂದು ಕೊಳೆತಿದ್ದರೆ ಪಟ್ಟಿಯಲ್ಲಿ ಬರೆದುಕೊಂಡು ಕಾಯಬಹುದು. ಸಾಲಾಗಿ ಎರಡು, ಅದೂ ತಿರುವಿನಲ್ಲಿ ಅಥವಾ ಜಾಯಿಂಟಿನ ಬುಡದಲ್ಲಿ ಕೊಳೆತಿದ್ದರೆ ಕಾಯುವಂತಿಲ್ಲ, ಮೊಳೆ ಹಿಡಿತ ಬಿಟ್ಟು ಗೇಜು ಅಗಲವಾಗುತ್ತದೆ. ಮರ ಗಟ್ಟಿಯಿದ್ದು ತೂತು ಮಾತ್ರ ಸಡಿಲವಾಗಿದ್ದರೆ ಸ್ಲೀಪರ್ ಎಸೆಯಬೇಕಿಲ್ಲ. ಮರದ ಬೆಣೆ ಬಡಿದು, ಗೇಜು ಅಳೆದು ಮತ್ತೆ ಕೂರಿಸಿದರಾಯಿತು.

ಒಂದು ವಿಚಿತ್ರ ಈ ರೈಲಿನದ್ದೇ. ಬೋಗಿಗಳಿಗೆ ಬಾಗಿಲು ಒಂದೇ ಬದಿಗೆ. 1866ರಲ್ಲಿ ಸರ್ಕಾರದ ತಪಾಸಣೆಗೆ ಬಂದ ಕ್ಯಾಪ್ಟನ್ ಟೈಲರ್, ಸೇತುವೆಗಳ ಅಡಿಯಲ್ಲಿ ಬೋಗಿಗೂ ಗೋಡೆಗೂ ನಡುವೆ ಜಾಗ ಸಾಲದು ಎಂದರು. ಸೇತುವೆ ಒಡೆಯುವ ಬದಲು ಒಂದು ಬದಿಯ ಬಾಗಿಲು ಬಂದ್ ಮಾಡಿ, ಸೇತುವೆಯಡಿ ಹಳಿಯನ್ನೇ ಒಂದು ಪಕ್ಕಕ್ಕೆ ಸರಿಸಿದರು. ಇಂದಿಗೂ ಅಲ್ಲಿ ಹಳಿ ನಡುವಿನಲ್ಲಿಲ್ಲ. ಗ್ಯಾಂಗಿನವರಿಗೆ ಇದರ ಅರ್ಥ: ಬೇರೆ ಕಡೆ ಹಾರೆ ಹಾಕಿ ಕಣ್ಣಳತೆಯಲ್ಲಿ ನೆಟ್ಟಗೆ ಮಾಡುವ ಹಾಗೆ ಇಲ್ಲಿ ಮಾಡಕೂಡದು, ಗೋಡೆಯಿಂದ ಅಳೆದೇ ಸರಿಸಬೇಕು. ಪ್ರಯಾಣಿಕರಿಗೆ ಅರ್ಥ: ಹತ್ತಿಳಿಯಲು ಆ ಒಂದು ಬದಿಯೇ ಗತಿ, ಜನ ಹೆಚ್ಚಿದ್ದ ದಿನ ಕೊಂಚ ನೂಕುನುಗ್ಗಲು.

ಕೊರತೆ ಹೇಳಬೇಕೆಂದರೆ ವೇಗ. ಇಡೀ ದಾರಿಗೆ ಒಂದು ಕಡೆಗೆ ಹೆಚ್ಚುಕಡಿಮೆ ಒಂದು ಗಂಟೆ. ಬೇಸರಪಡುವ ಮಕ್ಕಳಿದ್ದರೆ ಡೋಲ್‌ಗೋಖ್‌ನಲ್ಲಿ ಇಳಿದು ಜಲಪಾತ ನೋಡಿ ಮುಂದಿನ ರೈಲು ಹಿಡಿಯಿರಿ. ಕೊನೆಯ ತುಂಡು, ಅಬರ್‌ಗನೋಲ್ವಿನ್‌ನಿಂದ ನ್ಯಾಂಟ್ ಗ್ವೆರ್ನೋಲ್‌ವರೆಗಿನದ್ದು, ಪ್ರಯಾಣಿಕರಿಗೆ ತೆರೆದದ್ದು 1976ರಲ್ಲಿ. ತಿರುವು ಅಲ್ಲೇ ಬಿಗಿ, ಗಾಲಿಯಂಚು ಹಳಿಗೆ ಉಜ್ಜುವ ಕಿರುಗುಟ್ಟು ಕೇಳಬೇಕೆಂದರೆ ಅಲ್ಲಿಯವರೆಗೂ ಹೋಗಬೇಕು. ಟೌವಿನ್ ನಿಲ್ದಾಣದಲ್ಲೇ ಕಿರುಗೇಜು ರೈಲುಗಳ ಮ್ಯೂಸಿಯಂ ಇದೆ. ಬರ್ಮಿಂಗ್‌ಹ್ಯಾಮ್ ಕಡೆಯ ಕನ್ನಡಿಗರು ಕೇಂಬ್ರಿಯನ್ ಕೋಸ್ಟ್ ರೈಲಿನಲ್ಲೇ ಟೌವಿನ್‌ಗೆ ಬಂದು ನಡೆದು ಹೋಗಬಹುದು, ಕಾರು ಬೇಡ.

ಗ್ಯಾಂಗಿಗೆ ಸೇರುವ ಆಸೆಯಿದ್ದವರಿಗೆ: ಎಂಜಿನ್ನಿನ ಮುಂದೆ ಫೋಟೋ ತೆಗೆಸಿಕೊಳ್ಳುವ ಕೆಲಸ ಇದಲ್ಲ. ರೈಲು ಓಡದ ಚಳಿಯ ದಿನಗಳಲ್ಲೇ ಹೆಚ್ಚಿನ ಹಳಿ ಕೆಲಸ. ಉಕ್ಕಿನ ಮೂತಿಯ ಬೂಟು, ಗಟ್ಟಿ ಕೈಗವಸು, ನೀರು ಒಳಗಿಳಿಯದ ಮೇಲಂಗಿ, ಬದಲಿಗೆ ಎರಡು ಜೊತೆ ಕಾಲುಚೀಲ ಒಯ್ಯಿರಿ. ಮೀಟರಿಗೆ 22 ಕೆ.ಜಿ. ತೂಗುವ ಹಗುರ ಹಳಿಯೂ 9 ಮೀಟರಿಗೆ ಹತ್ತಿರ ಹತ್ತಿರ 200 ಕೆ.ಜಿ. ಆಗುತ್ತದೆ. ಎತ್ತುವಾಗ ಇಕ್ಕಳ ಹಿಡಿದವರಿಗೆಲ್ಲ ಅಪ್ಪಣೆ ಕೊಡುವುದು ಒಬ್ಬರೇ, ಇಳಿಸುವಾಗಲೂ ಅವರೇ. ಬೆನ್ನುನೋವಿದ್ದರೆ ಮೊದಲೇ ಹೇಳಿ, ಗೇಜು ಅಳೆಯುವುದಕ್ಕೂ ರೈಲು ಬರುವುದನ್ನು ಕಾಯುವುದಕ್ಕೂ ಜನ ಬೇಕೇ ಬೇಕು.