ಮಂಗಳೂರಿನ ಮಳೆಗೆ ಬಾಲ್ಕನಿ ಬಾಗಿಲು: ಅಲ್ಯೂಮಿನಿಯಂ ತೆಗೆಸಿ ಯುಪಿವಿಸಿ ಹಾಕಿಸಿದ ಮೇಲೆ

ಕದ್ರಿ ಕಡೆ ನಮ್ಮದೊಂದು ಹಳೇ ಫ್ಲ್ಯಾಟ್. ಬಾಲ್ಕನಿ ಪಶ್ಚಿಮಕ್ಕಿದೆ. ಬಿಲ್ಡರ್ ಹಾಕಿಕೊಟ್ಟಿದ್ದ ಅಲ್ಯೂಮಿನಿಯಂ ಸ್ಲೈಡಿಂಗ್ ಬಾಗಿಲನ್ನು ಈ ಬೇಸಿಗೆಯಲ್ಲಿ ತೆಗೆಸಿ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮಿನ ಬಾಗಿಲು ಹಾಕಿಸಿದೆವು. ಈಗ ಮಳೆಗಾಲ ಕಳೆದಿದೆ, ಹಾಗಾಗಿ ಧೈರ್ಯವಾಗಿ ಬರೆಯಬಹುದು. ಹಾಲ್‌ಗೆ ಒಂದು ಹನಿ ನೀರು ಬಂದಿಲ್ಲ.

ಹಳೇ ಬಾಗಿಲಿನ ಪಾಡು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಉಪ್ಪು ಗಾಳಿಗೆ ಫ್ರೇಮ್ ಮೇಲೆಲ್ಲ ಬಿಳಿ ಪುಡಿ, ಕೆಳಗಿನ ಚಕ್ರಗಳು ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ, ಎರಡೂ ಕೈಯಲ್ಲಿ ಎತ್ತಿ ತಳ್ಳಬೇಕಿತ್ತು. ಜೂನ್ ಬಂತೆಂದರೆ ಎರಚಲಿನ ನೀರು ಟ್ರ್ಯಾಕ್‌ನಲ್ಲಿ ತುಂಬಿ ಒಳಗೆ ಉಕ್ಕುತ್ತಿತ್ತು. ಅಮ್ಮ ರಾತ್ರಿ ಎದ್ದು ಹಳೇ ಸೀರೆ ತುರುಕುತ್ತಿದ್ದರು.

ಕೊಟೇಶನ್ ಕೊಟ್ಟ ಅಂಗಡಿಗಳಲ್ಲಿ ಹೆಚ್ಚಿನವರು ಮಾತಾಡಿದ್ದು ಬಣ್ಣ, ಹ್ಯಾಂಡಲ್, ಗಾಜಿನ ಬಗ್ಗೆ. ಒಬ್ಬರಂತೂ ಹಳೇ ಫ್ರೇಮ್ ಒಡೆಯೋದೇ ಬೇಡ, ಅದರ ಮೇಲೇ ಹೊಸತು ಕೂರಿಸ್ತೇವೆ ಅಂದರು. ನಾವು ಕೆಲಸ ಕೊಟ್ಟವರು ಅಳತೆ ಟೇಪ್ ತೆಗೆಯುವ ಮೊದಲು ಒಂದು ಚೊಂಬು ನೀರು ಕೇಳಿದರು. ಅದನ್ನು ಹೊಸ್ತಿಲ ಗ್ರಾನೈಟ್ ಮೇಲೆ ನಿಧಾನಕ್ಕೆ ಸುರಿದರು. ನೀರು ಬಾಲ್ಕನಿಗೆ ಹೋಗಲಿಲ್ಲ, ಸೋಫಾ ಕಡೆಗೆ ಹರಿದು ಬಂತು! "ಅಮ್ಮ, ಇದನ್ನು ಸರಿ ಮಾಡದೆ ಎಷ್ಟು ದುಡ್ಡಿನ ಬಾಗಿಲು ಹಾಕಿದ್ರೂ ನೀರು ಒಳಗೇ ಬರ್ತದೆ" ಅಂದರು. ನನಗೆ ಅಲ್ಲೇ ನಂಬಿಕೆ ಬಂತು. ಹೊಸ್ತಿಲು ಒಡೆದು, ಹೊರಗೆ ಇಳಿಜಾರು ಕೊಟ್ಟು ಗ್ರಾನೈಟ್ ಮತ್ತೆ ಕೂರಿಸಿದ ಮೇಲೇ ಫ್ರೇಮ್ ತಂದಿದ್ದು.

ಫ್ರೇಮ್ ಹಾಕುವಾಗ ಹತ್ತಿರ ನಿಂತು ನೋಡಿ, ಇದು ನನ್ನ ಖಂಡಿತವಾದ ಸಲಹೆ. ನೀರು ಹೊರಹೋಗಲು ಟ್ರ್ಯಾಕ್‌ನ ಹೊರಬದಿಯಲ್ಲಿ ಸಣ್ಣ ಸೀಳುಗಳಿರುತ್ತವೆ. ಕೆಲವು ಕಡೆ ಸಂದು ಮುಚ್ಚುವ ಸಿಲಿಕಾನ್ ಅಂಟು ಹಚ್ಚುವವರು ಅವನ್ನೂ ಮುಚ್ಚಿಬಿಡುತ್ತಾರೆ, ಆಗ ಟ್ರ್ಯಾಕ್ ತೊಟ್ಟಿ ಆದಂತೆಯೇ. ಇವರು ಟ್ರ್ಯಾಕ್‌ಗೆ ನೀರು ತುಂಬಿಸಿ ಅದು ಸೀಳುಗಳಿಂದ ಇಳಿದು ಹೋಗುವುದನ್ನು ತೋರಿಸಿಯೇ ಬಾಗಿಲು ಏರಿಸಿದರು. ಕೆಳಗೆ ಸ್ಕ್ರೂ ಹೊಡೆದ ಪ್ರತಿ ತೂತಿಗೂ ಸಿಲಿಕಾನ್ ತುಂಬಿದರು. ಇಲ್ಲದಿದ್ದರೆ ಕೆಳಗಿನ ಮನೆಯವರ ಸೀಲಿಂಗ್ ಒದ್ದೆ ಆಗ್ತದೆ, ಅಲ್ವಾ?

ಗಾಜು 6 ಮಿ.ಮೀ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಚದರ ಮೀಟರ್‌ಗೆ 15 ಕೆ.ಜಿ. ಲೆಕ್ಕ. 8 ಅಡಿ ಅಗಲ, 7 ಅಡಿ ಎತ್ತರದ ನಮ್ಮ ಬಾಗಿಲಿನ ಎರಡು ಪ್ಯಾನೆಲ್‌ಗಳಲ್ಲಿ ಒಂದೊಂದರ ಗಾಜೇ 30 ಕೆ.ಜಿ. ದಾಟುತ್ತದೆ. ಅಷ್ಟು ಭಾರ ಹೊರುವುದು ಕೆಳಗಿನ ಪುಟ್ಟ ಚಕ್ರಗಳು, ಹಾಗಾಗಿ ಅವು ಎಷ್ಟು ಕೆ.ಜಿ. ತಡೆಯುತ್ತವೆ, ತುಕ್ಕು ಹಿಡಿಯುತ್ತವಾ ಅಂತ ಮೊದಲೇ ಕೇಳಿ. ಯುಪಿವಿಸಿ ಒಳಗೆ ಕಬ್ಬಿಣದ ಪಟ್ಟಿ ಇದೆಯಾ ಅಂತ ಕತ್ತರಿಸಿದ ತುಂಡು ತೋರಿಸಲು ಹೇಳಿ. ಟಫನ್ಡ್ ಗಾಜನ್ನು ಒಮ್ಮೆ ತಯಾರಾದ ಮೇಲೆ ಕತ್ತರಿಸಲು ಆಗುವುದಿಲ್ಲ. ಅದಕ್ಕೇ ಇವರು ಅಗಲ, ಎತ್ತರ ಎರಡನ್ನೂ ಮೂರು ಮೂರು ಕಡೆ ಅಳೆದರು.

ನಮಗೆ ಬಿದ್ದದ್ದು ಚದರಡಿಗೆ 780 ರೂಪಾಯಿ, ಮೇಲೆ 18% ಜಿಎಸ್‌ಟಿ. ಹಳೇದನ್ನು ಕೀಳುವುದು, ಗ್ರಾನೈಟ್ ಕೆಲಸ ಬೇರೆ. ಕಡಿಮೆಯೇನಲ್ಲ. ಆದರೆ ಹಳೇ ಅಲ್ಯೂಮಿನಿಯಂ ಗುಜರಿಗೆ ಹೋಗುತ್ತದೆ, ಅದರ ದುಡ್ಡು ಬಿಲ್‌ನಲ್ಲಿ ಕಳೆಯಲು ಹೇಳಿ. ನಾವು ಕೇಳಿದ ಮೇಲೇ ಕಳೆದರು.

ಈಗ ಬಾಗಿಲನ್ನು ನನ್ನ ಮಗಳು ಒಂದೇ ಕೈಯಲ್ಲಿ ಸರಿಸುತ್ತಾಳೆ. ರಸ್ತೆಯ ಸದ್ದು ಸ್ವಲ್ಪ ಕಡಿಮೆ ಆಗಿದೆ ಅಷ್ಟೇ. ಒಂಟಿ ಗಾಜಿನಲ್ಲಿ ಹಾರ್ನ್ ಕೇಳಿಸದೇ ಇರಲು ಸಾಧ್ಯವಿಲ್ಲ, ನಿಶ್ಶಬ್ದ ಬೇಕಾದವರು ಜೋಡಿ ಗಾಜಿನದ್ದು ಕೇಳಬೇಕು.

ಬೇಜಾರಾಗಿದ್ದು ಸೊಳ್ಳೆ ಮೆಶ್‌ನ ವಿಷಯದಲ್ಲಿ. ಮೂರನೇ ಟ್ರ್ಯಾಕ್‌ನಲ್ಲಿ ಓಡುವ ಆ ಪ್ಯಾನೆಲ್ ತೀರಾ ಹಗುರ, ಜುಲೈ ಗಾಳಿಗೆ ಹಳಿ ತಪ್ಪಿ ಬಿದ್ದೇಬಿಟ್ಟಿತು. ಫೋನ್ ಮಾಡಿದರೆ "ನಾಳೆ ಬರ್ತೇವೆ" ಅಂತ ವಾರಗಟ್ಟಲೆ ಎಳೆದರು, ದೊಡ್ಡ ಕೆಲಸ ಅಷ್ಟು ಚೆನ್ನಾಗಿ ಮಾಡಿದವರು ಇದಕ್ಕೆ ಹೀಗೆ ಸತಾಯಿಸಬಾರದಿತ್ತು. ಕೊನೆಗೆ ಬಂದು ಚಕ್ರ ಬದಲಾಯಿಸಿ, ಮೇಲ್ಗಡೆ ಒಂದು ತಡೆ ಕೂರಿಸಿದ್ದಾರೆ, ಈಗ ನಿಂತಿದೆ. ನೀವು ಹಾಕಿಸುವುದಾದರೆ ಆ ತಡೆಯನ್ನು ಮೊದಲೇ ಹಾಕಿಸಿ, ಮತ್ತೆ ಆರ್ಡರ್ ಮಾರ್ಚ್ ಒಳಗೆ ಕೊಡಿ, ಮೇ ತಿಂಗಳಲ್ಲಿ ಇವರು ಕೈಗೆ ಸಿಗುವುದಿಲ್ಲ.